ಮನೆಯೇ ಪಾಠಶಾಲೆಯಾದಾಗ

ಮಕ್ಕಳಿಗೆ ಮನೆಯಲ್ಲಿಯೇ ವಿದ್ಯೆ ಕಲಿಸಬೇಕೆಂದು ಸಂಕಲ್ಪಿಸುವ ಗೃಹಸ್ಥರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, ‘ಯಾವ ಪುಸ್ತಕವನ್ನು ಕೊಳ್ಳೋಣ?’ ಎಂಬುದು. ನಮ್ಮ ಅಭಿಪ್ರಾಯದಲ್ಲಿ ಪುಸ್ತಕದ ಮಾತು ಎರಡನೆಯದು. ಹೋಗಬೇಕಾದ ಊರನ್ನು ಗೊತ್ತುಮಾಡದೆ ಗಾಡಿ ಕಟ್ಟುವವರುಂಟೆ? ಮಗು ಮುಂದೆ ಯಾವ ಪರೀಕ್ಷೆಗೆ ಕುಳಿತುಕೊಳ್ಳಬೇಕೆಂಬುದು ನಿಶ್ಚಯವಾದರೆ ಪಠ್ಯಕ್ರಮವು ತಾನಾಗಿಯೇ ಅರ್ಧ ನಿಶ್ಚಯವಾಗುತ್ತದೆ.

ಮೊದಲು ಕಾಯಿದೆಯನ್ನು ನೋಡೋಣ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 6ರಿಂದ 14 ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ಅದರಲ್ಲಿ ಹೇಳಿದೆ; ಮನೆಯ ಪಾಠದ ಪ್ರಸ್ತಾಪವೇ ಅದರಲ್ಲಿಲ್ಲ. ಶಾಲೆಯ ಹೊರಗುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂಬ ವಿಧಿಯಾದರೋ ಉಂಟು. ಆದುದರಿಂದ ಈ ಮಾರ್ಗವನ್ನು ಹಿಡಿಯುವ ಕುಣಿಗಲಿನ ಗೃಹಸ್ಥರು ತಮ್ಮ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಕಂಡು, ಮಗು ಮುಂದೆ ಶಾಲೆಗೆ ಮರಳುವುದಾದರೆ ಬೇಕಾಗುವ ಕಾಗದಪತ್ರಗಳನ್ನು ಮೊದಲೇ ತಿಳಿದುಕೊಳ್ಳತಕ್ಕದ್ದು.

ಪರೀಕ್ಷೆಗೆ ದಾರಿಯುಂಟು. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 14 ವರ್ಷ ತುಂಬಿದವರು ಹತ್ತನೆಯ ತರಗತಿಗೆ ಸಮಾನವಾದ ಪರೀಕ್ಷೆಗೆ ಹೆಸರು ಕೊಡಬಹುದು. ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು. ಅವುಗಳಲ್ಲಿ ಒಂದಾದರೂ ಭಾಷೆಯಾಗಿರಬೇಕು. ಎಲ್ಲವನ್ನೂ ಒಂದೇ ಸಲ ಬರೆಯಬೇಕೆಂಬ ಬಲವಂತವಿಲ್ಲ. ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳುಂಟು.

ಪರೀಕ್ಷೆಯ ಮಾತನ್ನು ಇಷ್ಟು ಮುಂದಕ್ಕೆ ತರುವುದಕ್ಕೆ ಕಾರಣವಿದೆ. ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿದ್ದಾಗ ತಮ್ಮ ಮಕ್ಕಳಿಗೆ ತಾವೇ ಕಲಿಸಲು ನಿಂತರು. ಜೋಹಾನ್ಸ್‌ಬರ್ಗಿನಲ್ಲಿ ಕಚೇರಿಗೆ ನಡೆದುಹೋಗುವಾಗ ಮಕ್ಕಳನ್ನು ಜೊತೆಗೆ ಕರೆದುಕೊಂಡು ದಾರಿಯಲ್ಲಿ ಮಾತಿನ ಮೂಲಕವೇ ಪಾಠ ಹೇಳುತ್ತಿದ್ದರು. ಆದರೆ ಓದುಬರಹಕ್ಕೆಂದು ದಿನಕ್ಕೆ ಒಂದು ಗಂಟೆಯನ್ನಾದರೂ ತಪ್ಪದೆ ಕೊಡಲು ತಮ್ಮಿಂದಾಗಲಿಲ್ಲವೆಂದು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಹಿರಿಯ ಮಗ ಹರಿಲಾಲರು 1911ರಲ್ಲಿ ತಂದೆಯನ್ನಗಲಿ, ಮೆಟ್ರಿಕ್ಯುಲೇಷನ್ ಓದುವುದಕ್ಕಾಗಿ ಭಾರತಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತು ವರ್ಷ ದಾಟಿತ್ತು; ಆ ಪರೀಕ್ಷೆ ಅವರಿಗೆ ಕೈಗೂಡಲೇ ಇಲ್ಲ. ಅಂತಹ ತಂದೆಯ ಮನೆಯಲ್ಲಿಯೇ ಹೀಗಾಯಿತೆಂದ ಮೇಲೆ ನಮ್ಮಂಥ ಸಾಮಾನ್ಯರು ಎಷ್ಟು ಎಚ್ಚರದಿಂದಿರಬೇಕು! ತಂದೆತಾಯಿಗಳ ಆದರ್ಶಕ್ಕೆ ಮಗುವು ಬೆಲೆ ತೆರುವಂತಾಗಬಾರದು.

ಇನ್ನು ಪುಸ್ತಕ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಬೆಲೆಯಿಲ್ಲದೆಯೇ ಅದರ ಜಾಲತಾಣದಲ್ಲಿ ದೊರೆಯುತ್ತವೆ. ಗಣಿತಕ್ಕೆ ಒಂದೇ ಮಾಲೆಯನ್ನು ಹಿಡಿದು ಕೊನೆಯವರೆಗೂ ಬಿಡದಿರುವುದು ಲೇಸು. ನಡುವೆ ಮಾಲೆ ಬದಲಿಸಿದರೆ ಒಂದರಲ್ಲಿ ಮುಂದೆ ಬರುವ ಪಾಠ ಇನ್ನೊಂದರಲ್ಲಿ ಆಗಲೇ ಕಳೆದುಹೋಗಿರುತ್ತದೆ. ಕಥೆ, ಚರಿತ್ರೆಗಳ ಪುಸ್ತಕಗಳು ಎಷ್ಟು ಬಗೆಯವಾದರೂ ಚಿಂತೆಯಿಲ್ಲ.

ಕಾಲದ ವಿಷಯದಲ್ಲಿ ಅನೇಕರು ಎದೆಗೆಡುತ್ತಾರೆ. ಮೇಲೆ ಹೇಳಿದ ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಪಾಠ. ಎಂದರೆ ದಿನಕ್ಕೆ ನಾಲ್ಕು ಗಂಟೆ. ಅದೂ ಒಬ್ಬ ಉಪಾಧ್ಯಾಯರಿಗೆ 30 ಮಕ್ಕಳೆಂಬ ಲೆಕ್ಕದಲ್ಲಿ. ಒಂದೆರಡು ಮಕ್ಕಳಿರುವ ಮನೆಯಲ್ಲಿ, ಚಿಕ್ಕವರಿಗೆ ಎರಡು ಗಂಟೆ ಸಾಕೆಂದು ನಾವು ತಿಳಿಯುತ್ತೇವೆ. ಆದರೆ ಆ ಎರಡು ಗಂಟೆ ತಪ್ಪಕೂಡದು. ಬೆಳಿಗ್ಗೆ ಗಣಿತ, ಸಂಜೆ ಕನ್ನಡ ಪ್ರತಿದಿನವೂ ನಡೆಯಲಿ. ಇಂಗ್ಲಿಷು ದಿನ ಬಿಟ್ಟು ದಿನ. ಉಳಿದ ದಿನಗಳಲ್ಲಿ ವಿಜ್ಞಾನ, ಸಮಾಜ. ವಾರಕ್ಕೆ ಐದು ದಿನದ ಪಾಠವನ್ನಷ್ಟೇ ಬರೆದಿಟ್ಟು ಶನಿವಾರವನ್ನು ಖಾಲಿ ಬಿಡಬೇಕು. ನೆಂಟರು ಬಂದು, ಜ್ವರ ಬಂದು ನಿಂತ ಪಾಠವನ್ನು ಅಂದು ತೀರಿಸಿಕೊಳ್ಳಬಹುದು. ಶನಿವಾರವಿಲ್ಲದ ವೇಳಾಪಟ್ಟಿಯು ಎರಡನೆಯ ವಾರಕ್ಕೇ ಗೋಡೆಯ ಮೇಲಿನ ಅಲಂಕಾರವಾಗುತ್ತದೆ.

ಕುಣಿಗಲಿನವರಿಗೆ ಒಂದು ಭಾಗ್ಯವುಂಟು: ಊರೇ ಅರ್ಧ ಪುಸ್ತಕ. ಜನಪದರ ಹಾಡಿನಲ್ಲಿ ನಾಡೆಲ್ಲ ಕೇಳಿದ ಕೆರೆ ಕಣ್ಣೆದುರಿಗಿದೆ. ಏರಿ, ತೂಬು, ಕೋಡಿ ಇವು ಏಕೆ ಬೇಕೆಂದು ಅಲ್ಲಿಯೇ ನಿಂತು ಕೇಳಿದ ಮಗುವಿಗೆ ನೀರಿನ ಪಾಠ ಮರೆಯದು. ಕೆಂಪೇಗೌಡರ ಕಾಲವನ್ನು ಹೇಳುವಾಗ ಹುತ್ರಿದುರ್ಗವನ್ನು ಹತ್ತಿಸಬಹುದು. ವಚನಗಳನ್ನು ಓದಿಸುವಾಗ ತೋಂಟದ ಸಿದ್ಧಲಿಂಗೇಶ್ವರರ ಎಡೆಯೂರಿಗೆ ಕರೆದೊಯ್ಯಬಹುದು. 2017ರಲ್ಲಿ ಪೂರ್ಣವಾದ ಬೆಂಗಳೂರು–ಹಾಸನ ರೈಲುಮಾರ್ಗವು ಕುಣಿಗಲಿನ ಮೂಲಕವೇ ಹಾಯುವುದರಿಂದ ಅದರ ವೇಳಾಪಟ್ಟಿಯು ಕಾಲ, ದೂರ, ವೇಗಗಳ ಲೆಕ್ಕಕ್ಕೆ ಒದಗುತ್ತದೆ. ಆದರೆ ನೋಡಿ ಬಂದದ್ದನ್ನು ಅಂದೇ ಹತ್ತು ಸಾಲು ಬರೆಯಿಸಬೇಕು. ಇಲ್ಲವಾದರೆ ಅದು ತಿರುಗಾಟ, ಪಾಠವಲ್ಲ.

ಬರೆದ ಪುಟಗಳಿಗೆ ತಾರೀಖು ಹಾಕಿ ಕಾಪಾಡುವುದು ತಾಯಿಯ ಅಥವಾ ತಂದೆಯ ಕೆಲಸ. ಮಗು ಮುಂದೆ ಹೋಗುತ್ತಿದೆಯೋ ನಿಂತಿದೆಯೋ ಎಂಬುದನ್ನು ಮೂರು ತಿಂಗಳಿಗೊಮ್ಮೆ ಆ ಪುಟಗಳೇ ಹೇಳುತ್ತವೆ. ವರ್ಷದ ಕೊನೆಯಲ್ಲಿ ಇನ್ನೊಂದು ಕೆಲಸವುಂಟು. ಮನೆಯ ಪಾಠವನ್ನೇ ಮುಂದುವರಿಸೋಣವೇ, ಶಾಲೆಗೆ ಹೋಗಬೇಕೆಂಬ ಆಸೆಯುಂಟೇ ಎಂದು ಮಗುವನ್ನೇ ಕೇಳಬೇಕು. ಶಾಲೆಗೆ ಹೋಗುವೆನೆಂದರೆ ಹಿರಿಯರು ನೊಂದುಕೊಳ್ಳದೆ ಕಳುಹಿಸಲಿ. ಮನೆಯಲ್ಲಿ ಕಲಿತದ್ದು ಅಲ್ಲಿಯೂ ಅದರ ಜೊತೆಗೇ ಇರುತ್ತದೆ.