ಬೆಣ್ಣೆಹಳ್ಳ ಬಂದಾಗ ಮೊದಲು ಓಡಿಬರುವವರು

ಶಿಗ್ಗಾಂವಿ ತಾಲ್ಲೂಕಿನ ಧುಂಡಸಿ ಕಡೆಯಿಂದ ಹೊರಡುವ ಬೆಣ್ಣೆಹಳ್ಳ ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳನ್ನು ಹಾದು ರೋಣದ ಸೀಮೆಯಲ್ಲಿ ಮಲಪ್ರಭೆ ಸೇರುತ್ತದೆ. ಬೇಸಿಗೆಯಲ್ಲಿ ಅದರ ಹರಿವು ತೀರ ಸಣ್ಣದು. ಮೇಲ್ಭಾಗದಲ್ಲಿ ಜೋರು ಮಳೆಯಾದರೆ ಮಾತ್ರ, ಕೆಳಗಿನ ಯಮನೂರಿನಲ್ಲಿ ಹನಿ ಬೀಳದಿದ್ದರೂ ಹಳ್ಳ ಬಂದುಬಿಡುತ್ತದೆ. ತುಪ್ಪರಿಹಳ್ಳದ ನೀರೂ ಇದಕ್ಕೇ ಕೂಡುತ್ತದೆ. ಎರೆಭೂಮಿ ಸಪಾಟು, ಹೂಳು ತುಂಬಿ ಜಾಲಿ ಬೆಳೆದ ಪಾತ್ರದಲ್ಲಿ ಹಿಡಿಸದ ನೀರು ಹೊಲಗಳ ಮೇಲೆ ಹರಡುತ್ತದೆ. 2009ರಲ್ಲೂ 2019ರ ಆಗಸ್ಟಿನಲ್ಲೂ ಈ ಭಾಗ ನೆರೆ ಕಂಡಿದೆ. ಆಗಸ್ಟ್ ಎಂದರೆ ಹೆಸರು ಬಿಡಿಸುವ ಕಾಲ, ಜನ ಹೊಲದಲ್ಲೇ ಇರುವ ಕಾಲ.

ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ದೋಣಿ ಹೇರಿಕೊಂಡು ದೂರದಿಂದ ಬರಬೇಕು. ಮಳೆಗೆ ನೆನೆದ ಎರೆಮಣ್ಣಿನ ದಾರಿಯಲ್ಲಿ ಗಾಲಿ ಹೂತುಹೋಗುತ್ತದೆ. ಅಲ್ಲಿಯವರೆಗಿನ ತಾಸುಗಳಲ್ಲಿ ನೆರವಿಗೆ ಊರವರೇ ಗತಿ. ಅವರ ಧೈರ್ಯಕ್ಕೆ ಕೊರತೆಯಿಲ್ಲ. ಆದರೆ ಈಜು ಬರುತ್ತದೆಂದು ಧುಮುಕಿದ ತರುಣನೇ ಕೊಚ್ಚಿಹೋಗಬಹುದು.

ಇಂಥವರನ್ನು ತರಬೇತುಗೊಳಿಸಲೆಂದೇ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ‘ಆಪದ ಮಿತ್ರ’ ಯೋಜನೆ ಆರಂಭಿಸಿತು. ಮೊದಲು ದೇಶದ 30 ಜಿಲ್ಲೆಗಳಲ್ಲಿ 6,000 ಸ್ವಯಂಸೇವಕರು, ಆಮೇಲೆ 350 ಜಿಲ್ಲೆಗಳಲ್ಲಿ 1 ಲಕ್ಷ ಜನರ ಗುರಿ. ತರಬೇತಿ 12 ದಿನ.

ನೆರೆಯಲ್ಲಿ ಸಿಕ್ಕವರನ್ನು ಕಾಪಾಡುವ ಮೊದಲ ಪಾಠ ದಂಡೆಯ ಮೇಲೆಯೇ ಇದೆ: ಗಳ ಚಾಚುವುದು, ಹಗ್ಗ ಎಸೆಯುವುದು, ಬಾಯಿ ಬಿಗಿದ ಖಾಲಿ ಕ್ಯಾನನ್ನು ಹಗ್ಗಕ್ಕೆ ಕಟ್ಟಿ ತೇಲಿಬಿಡುವುದು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹರಿವಿಗೆ ಇಳಿಯಲೇಬಾರದು. ಸೆಳವು ಜಗ್ಗಿದಾಗ ಅದೇ ಹಗ್ಗ ಇಳಿದವನನ್ನು ಮುಳುಗಿಸುತ್ತದೆ.

ಮೇಲೆತ್ತಿದ ನಂತರದ ಕೆಲವು ನಿಮಿಷಗಳು ಇನ್ನೂ ದೊಡ್ಡವು. ಮುಳುಗಿದವರನ್ನು ಉಪ್ಪಿನಲ್ಲಿಟ್ಟರೆ ಜೀವ ಮರಳುತ್ತದೆಂಬ ಸುಳ್ಳನ್ನು ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯ ಕುಟುಂಬವೊಂದು ಮಗುವಿನ ದೇಹವನ್ನು ತಾಸುಗಟ್ಟಲೆ ಉಪ್ಪಿನಲ್ಲಿಟ್ಟು ಕಾದಿತ್ತು. ಆ ಹೆತ್ತವರ ಸಂಕಟ ನೆನೆದರೆ, ಪ್ರತಿ ಊರಿನಲ್ಲೂ ಬಲ್ಲವರೊಬ್ಬರು ಇರಲೇಬೇಕು ಎನಿಸುತ್ತದೆ. ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗು ಮಾಡಿ ತಿರುಗಿಸುವುದು ಎಲ್ಲವೂ ಹೊತ್ತು ಕಳೆಯುವ ಕೆಲಸ. ಉಸಿರಾಟ ನಿಂತಿದ್ದರೆ ಬಾಯಿಯಿಂದ ಉಸಿರು ಕೊಡಬೇಕು, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗಾದರೆ 5 ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತಬೇಕು. ಪ್ರತಿ 30 ಒತ್ತಿಗೆ 2 ಉಸಿರು. ಇದು ಓದಿ ಬರುವುದಲ್ಲ, ಗೊಂಬೆಯ ಮೇಲೆ ಕೈಯಾರೆ ಮಾಡಿ ಕಲಿಯಬೇಕಾದದ್ದು.

ಕಡಲ ಸೀಮೆಯವರು ಇಂಥ ಸಿದ್ಧತೆಯ ಫಲ ಕಂಡಿದ್ದಾರೆ. 1970ರ ಚಂಡಮಾರುತಕ್ಕೆ ಲಕ್ಷಗಟ್ಟಲೆ ಜನರನ್ನು ಕಳೆದುಕೊಂಡ ಬಾಂಗ್ಲಾದೇಶದಲ್ಲಿ 1972ರ ಹೊತ್ತಿಗೆ ಹಳ್ಳಿ ಸ್ವಯಂಸೇವಕರ ಪಡೆ ಎದ್ದಿತು. ಮನೆಮನೆಗೆ ಎಚ್ಚರಿಕೆ ಮುಟ್ಟಿಸುವ ಆ ಪಡೆಯಲ್ಲಿ ಇಂದು ಅರ್ಧದಷ್ಟು ಹೆಂಗಸರು. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2013ರಲ್ಲಿ ಫೈಲಿನ್ ಬರುವ ಮೊದಲೇ ಲಕ್ಷಾಂತರ ಜನರನ್ನು ತೆರವು ಮಾಡಿದ್ದರಿಂದ ಸಾವು ನೂರನ್ನೂ ಮುಟ್ಟಲಿಲ್ಲ.

ಧಾರವಾಡದ ಹಳ್ಳಿಗಳಿಗೂ ಬೇಕಿರುವುದು ಮುಂಚಿತವಾದ ಸುದ್ದಿಯೇ. ಕುಂದಗೋಳದಲ್ಲಿ ಸುರಿದ ಮಳೆಯ ಲೆಕ್ಕ ನವಲಗುಂದದ ಹಳ್ಳದ ದಂಡೆಗೆ ಕತ್ತಲಾಗುವುದರೊಳಗೆ ಮುಟ್ಟಿದರೆ, ಗುಡಿ-ಮಸೀದಿಗಳ ಮೈಕಿನಲ್ಲಿ ಸಾರಿ ಹೊಲದಲ್ಲಿದ್ದವರನ್ನು ಕರೆಸಬಹುದು, ದನಕರು ಬಿಚ್ಚಬಹುದು. ಕಲಘಟಗಿಯ ಚಿಂತೆ ಬೇರೆ. ಅಲ್ಲಿ ಕೆರೆ ಏರಿಗಳ ಮೇಲೆ ಕಣ್ಣಿರಬೇಕು. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆ ಪಂಚಾಯ್ತಿ ಗೋಡೆಯ ಮೇಲಿರಬೇಕು, ಮೇ ತಿಂಗಳೊಳಗೆ ಹಗ್ಗ, ಟಾರ್ಚು ಕೂಡಿಟ್ಟಿರಬೇಕು. ನಡೆಯಲಾರದ ಮುದುಕರು, ಬಾಣಂತಿಯರು ಯಾವ ಯಾವ ಮನೆಯಲ್ಲಿದ್ದಾರೆಂಬ ಪಟ್ಟಿಯೂ ಬೇಕು. ಅದು ಊರಿನ ಆಶಾ ಕಾರ್ಯಕರ್ತೆಗೆ ಬಾಯಿಪಾಠವಾಗಿರುತ್ತದೆ; ತರಬೇತಿಗೆ ಹೆಸರು ಬರೆಸುವಾಗ ಮೊದಲು ಅವರನ್ನೇ ಕರೆಯಬೇಕು.