ಕಡತವೋ, ವಿಳಾಸವೋ?

ಪತ್ರದ ಮೇಲೆ ನಾವು ಬರೆಯುವುದು ಮನೆಯ ವಿಳಾಸವನ್ನು. ಮನೆ ಇದ್ದಲ್ಲಿಯೇ ಇರುತ್ತದೆ. ಗಣಕಯಂತ್ರದ ಸಿಂಬಾಲಿಕ್ ಲಿಂಕ್ ಇಂತಹುದೇ. ಅದರೊಳಗಿರುವುದು ಕಡತವಲ್ಲ, ಕಡತದ ವಿಳಾಸ. ಲಿಂಕನ್ನು ತೆರೆದೊಡನೆ ಆಪರೇಟಿಂಗ್ ಸಿಸ್ಟಮ್ ಆ ವಿಳಾಸವನ್ನೋದಿ ಮೂಲ ಕಡತವನ್ನು ಮುಂದಿಡುತ್ತದೆ.

1983ರ 4.2 ಬಿಎಸ್‌ಡಿ ಯೂನಿಕ್ಸಿನಲ್ಲಿದ್ದ ಈ ಸೌಕರ್ಯವು 2007ರಲ್ಲಿ ವಿಸ್ಟಾದೊಡನೆ ವಿಂಡೋಸಿಗೂ ಬಂದಿತು. ಆದರೆ ಯೂನಿಕ್ಸಿನ ಪೂರ್ಣ ವಿಳಾಸವು ಓರೆಗೆರೆಯಿಂದಲೂ, ವಿಂಡೋಸಿನದು ಸಾಮಾನ್ಯವಾಗಿ ಡ್ರೈವಿನ ಅಕ್ಷರದಿಂದಲೂ ಆರಂಭವಾಗುತ್ತದೆ; ಇಲ್ಲಿಯ ವಿಳಾಸ ಅಲ್ಲಿ ಸಲ್ಲದು.

ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧದ ಲಿಂಕನ್ನು ಲಿನಕ್ಸಿನ ಟಾರ್ ಎಂಬ ಸಾಧನದಿಂದ ಕಟ್ಟಿ ಬೇರೊಂದು ಗಣಕಕ್ಕೆ ಒಯ್ದನೆನ್ನೋಣ. ಬೇರೆ ಸೂಚನೆ ಕೊಡದಿದ್ದರೆ ಟಾರ್ ಕಟ್ಟಿಕೊಳ್ಳುವುದು ವಿಳಾಸವನ್ನಷ್ಟೇ. ಹೊಸ ಗಣಕದಲ್ಲಿ ಆ ವಿಳಾಸದ ಮನೆಯೇ ಇಲ್ಲ! ಆದುದರಿಂದ ಮೂಲವನ್ನು ಅಳಿಸುವ ಮುನ್ನ, ನಾವು ಒಯ್ದಿರುವುದು ಪ್ರಬಂಧವನ್ನೋ ಬರಿಯ ವಿಳಾಸವನ್ನೋ ಎಂದು ನೋಡಿಕೊಳ್ಳಬೇಕು.