ಸಂಕ್ರಾಂತಿಯ ತಾರೀಖು

ಅಥಣಿ, ರಾಯಬಾಗ, ಚಿಕ್ಕೋಡಿಗಳ ಕಡೆಯ ರೈತನಿಗೆ ಚಳಿಗಾಲದಲ್ಲಿ ಎಳ್ಳಿನ ಹಬ್ಬಗಳು ಎರಡು. ಮೊದಲನೆಯದು ಎಳ್ಳಮಾವಾಸ್ಯೆ. ಅಂದು ಮನೆಮಂದಿಯೆಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರನ್ನು ಪೂಜಿಸಿ, ಚರಗ ಚೆಲ್ಲಿ ಬರುವರು. ಅದು ಚಂದ್ರನನ್ನು ಅನುಸರಿಸುವ ಹಬ್ಬ. ಆದುದರಿಂದ ಒಂದು ವರ್ಷ ಡಿಸೆಂಬರಿನಲ್ಲಿ, ಇನ್ನೊಂದು ವರ್ಷ ಜನವರಿಯಲ್ಲಿ ಬರುವುದು. ಎರಡನೆಯದಾದ ಸಂಕ್ರಾಂತಿಯನ್ನಾದರೋ ಪಂಚಾಂಗವನ್ನೇ ಕಾಣದವನೂ ಜನವರಿ 14 ಎಂದುಬಿಡುವನು. ಈ ಸ್ಥಿರತೆ ಎಲ್ಲಿಂದ ಬಂದಿತು? ಅದು ನಿಜವಾಗಿಯೂ ಸ್ಥಿರವೆ?

ಸೂರ್ಯನು ಮಕರರಾಶಿಯನ್ನು ಪ್ರವೇಶಿಸುವ ಗಳಿಗೆಯೇ ಸಂಕ್ರಮಣ. ತಿಥಿಗೂ ಅದಕ್ಕೂ ಸಂಬಂಧವಿಲ್ಲ. ನಕ್ಷತ್ರಗಳನ್ನು ಗುರುತಾಗಿಟ್ಟುಕೊಂಡು ಅಳೆದರೆ ಸೂರ್ಯನ ಒಂದು ಸುತ್ತಿಗೆ 365 ದಿನ, 6 ಗಂಟೆ, 9 ನಿಮಿಷಗಳಷ್ಟು ಹಿಡಿಯುವುದು. ಆದುದರಿಂದ ಪ್ರತಿವರ್ಷವೂ ಸಂಕ್ರಮಣವು ಸುಮಾರು ಆರು ಗಂಟೆ ತಡವಾಗುತ್ತದೆ. 2023ರಲ್ಲಿ ಅದು 14ರ ರಾತ್ರಿ ಒಂಬತ್ತರ ಸುಮಾರಿಗೆ, 2024ರಲ್ಲಿ 15ರ ಬೆಳಗಿನ ಜಾವ ಮೂರರ ಸುಮಾರಿಗೆ ಆಯಿತು. ಅಷ್ಟರಲ್ಲಿ ಫೆಬ್ರವರಿಗೆ ಒಂದು ದಿನ ಹೆಚ್ಚಾಗಿ, 2025ರಲ್ಲಿ ಪುನಃ 14ರ ಬೆಳಗಿಗೆ ಹಿಂದಕ್ಕೆ ಬಂದಿತು. ಸೂರ್ಯಾಸ್ತದ ಅನಂತರ ಸಂಕ್ರಮಣವಾದರೆ ಪುಣ್ಯಕಾಲವನ್ನು ಮರುದಿನಕ್ಕೆ ಹೇಳುವುದು ವಾಡಿಕೆ. ಕೃಷ್ಣೆಯ ಸ್ನಾನ ಹದಿನಾಲ್ಕಕ್ಕೋ ಹದಿನೈದಕ್ಕೋ ಎಂದು ಮನೆಯ ಹಿರಿಯರು ವಾದಿಸುವುದಕ್ಕೆ ಕಾರಣವಿದೇ. ಈ ವಾದದಲ್ಲಿ ಕನ್ನಡ ಮರಾಠಿಗಳ ಭೇದವೇನೂ ಇಲ್ಲ!

ಇದು ನಾಲ್ಕು ವರ್ಷಗಳ ಆಟ. ಇದಕ್ಕಿಂತ ನಿಧಾನವಾದ ಮತ್ತೊಂದು ಚಲನೆಯುಂಟು. ಋತುಗಳು ತಿರುಗಿ ಬರುವ ವರ್ಷವು ನಕ್ಷತ್ರಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಚಿಕ್ಕದು. ನಮ್ಮ ಇಂಗ್ಲಿಷ್ ತಾರೀಖುಗಳು ಋತುಗಳನ್ನು ಹಿಡಿದು ನಡೆಯುವುವು. ಇಪ್ಪತ್ತು ನಿಮಿಷಗಳೆಂದರೆ 72 ವರ್ಷಗಳಲ್ಲಿ ಒಂದು ದಿನ. ವಿವೇಕಾನಂದರು ಹುಟ್ಟಿದ ದಿನ ಸಂಕ್ರಾಂತಿ. ಆಗಿನ ತಾರೀಖು 1863ರ ಜನವರಿ 12. ಹೀಗೆಯೇ ಹಿಂದಕ್ಕೆ ಎಣಿಸುತ್ತ ಹೋದರೆ, ಸುಮಾರು 1700 ವರ್ಷಗಳ ಕೆಳಗೆ ಸಂಕ್ರಾಂತಿಯೂ ನಿಜವಾದ ಉತ್ತರಾಯಣವೂ ಒಂದೇ ದಿನ ಬೀಳುತ್ತಿದ್ದುವು. ಈಗ ಹಗಲು ಬೆಳೆಯಲಾರಂಭಿಸುವುದು ಡಿಸೆಂಬರ್ 22ರ ಸುಮಾರಿಗೆ. ಉತ್ತರಾಯಣವೆಂದು ನಾವು ಎಳ್ಳು ಬೀರುವುದು ಮೂರು ವಾರಗಳು ಕಳೆದಮೇಲೆ.

ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯು 1955ರಲ್ಲಿ ಈ ಅಂತರವನ್ನು ಎತ್ತಿ ತೋರಿಸಿತು. 1957ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಶಕ ಪಂಚಾಂಗವು ಋತುಗಳನ್ನೇ ಅನುಸರಿಸುತ್ತದೆ. ಅದರ ಪುಷ್ಯ ಮಾಸ ಡಿಸೆಂಬರ್ 22ಕ್ಕೆ ಮೊದಲಾಗುವುದು. ಆದರೆ ಸಂಕ್ರಾಂತಿಯನ್ನು ಅಲ್ಲಿಗೆ ಒಯ್ಯಲು ಜನ ಒಪ್ಪಲಿಲ್ಲ.

ಒಪ್ಪದಿದ್ದುದರಿಂದ ಸದ್ಯಕ್ಕೆ ನಷ್ಟವಿಲ್ಲ. ಮುಂಗಾರಿನ ಸಜ್ಜೆ, ಎಳ್ಳು ಮನೆ ಸೇರಿರುತ್ತವೆ. ಕಬ್ಬು ಅರೆಯುವ ಕಾಲವಾದುದರಿಂದ ಹೊಸ ಬೆಲ್ಲವೂ ಇರುತ್ತದೆ. ಭೋಗಿಯ ದಿನದ ಎಳ್ಳು ಹಚ್ಚಿದ ಸಜ್ಜೆರೊಟ್ಟಿಯೂ ಮರುದಿನದ ಕುಸುರೆಳ್ಳೂ ಹೊಲದ ಲೆಕ್ಕಕ್ಕೆ ಸರಿಯಾಗಿಯೇ ಇವೆ. ಆದರೆ ಇದೇ ಗಣಿತ ನಡೆದರೆ ನಾಲ್ಕು ಸಾವಿರ ವರ್ಷಗಳ ತರುವಾಯ ಸಂಕ್ರಾಂತಿಯು ಮಾರ್ಚಿನಲ್ಲಿ ಬರುವುದು. ಆಗ ಹಿಂಗಾರಿನ ಜೋಳವೂ ಕೊಯ್ಲಾಗಿ, ಕರಿಯ ನೆಲ ಬಿಸಿಲಿಗೆ ಬಿರುಕು ಬಿಡುತ್ತಿರುತ್ತದೆ.